ಚೋಕ್ ಕೇಬಲ್‌ನಲ್ಲಿ ಹೊಗೆ

ನಾನು ಗಾಡಿ ವೈರಿಂಗ್ ಕೆಲಸದವನು. ಒಮ್ಮೆ 1947ರ ಶೆವ್ರೊಲೆ ಬಂತು. ಆ ಕಂಪನಿಯ ಕಾರುಗಳಿಗೆ 12 ವೋಲ್ಟ್ ಬಂದಿದ್ದು 1955ರ ಮಾಡೆಲ್‌ನಿಂದ. ಇದು 6 ವೋಲ್ಟಿನದು. "ಲೈಟು ಮಂಕು, ಬೆಳಿಗ್ಗೆ ಸೆಲ್ಫ್ ಎತ್ತೋದೇ ಇಲ್ಲ. 12 ಮಾಡಿಬಿಡಿ" ಅಂದರು ಯಜಮಾನರು.

ಮಾಡಿದೆ. ಬ್ಯಾಟರಿ ಚಾರ್ಜ್ ಮಾಡುವ ಹಳೆ ಡೈನಮೋ, ಅದರ ಕಟೌಟ್ ಬಿಚ್ಚಿ ಆಲ್ಟರ್ನೇಟರ್ ಕೂರಿಸಿದೆ. ಬಲ್ಬು, ಇಗ್ನಿಷನ್ ಕಾಯಿಲ್, ಹಾರ್ನ್ ರಿಲೇ ಎಲ್ಲ ಬದಲು. ಪೆಟ್ರೋಲ್ ಗೇಜ್ ಹಳೆಯದೇ ಇರಲಿ ಅಂತ ಅದಕ್ಕೆ ವೋಲ್ಟೇಜ್ ಇಳಿಸುವ ರೆಗ್ಯುಲೇಟರ್ ಹಾಕಿದೆ. ವೈಪರ್ ಗೊಡವೆಯೇ ಇರಲಿಲ್ಲ, ಅದು ಎಂಜಿನ್ನಿನ ವ್ಯಾಕ್ಯೂಮ್‌ನಲ್ಲಿ ಓಡುತ್ತದೆ. ಸೆಲ್ಫ್ ಮೋಟರ್ ಮಾತ್ರ 6 ವೋಲ್ಟಿನದ್ದೇ ಉಳಿಸಿದೆ. ಜಾಸ್ತಿ ಹೊತ್ತು ಒತ್ತದಿದ್ದರೆ ತಡೆದುಕೊಳ್ಳುತ್ತದೆ. ವೈರಿನ ದಪ್ಪದ ಚಿಂತೆ ಇಲ್ಲ. 6 ವೋಲ್ಟಿನಲ್ಲಿ 35 ವ್ಯಾಟ್ ಲೈಟು ಸುಮಾರು 6 ಆಂಪಿಯರ್ ಎಳೆದರೆ, 12ರಲ್ಲಿ 3 ಸಾಕು. ಬಟ್ಟೆ ಸುತ್ತಿದ ಹಳೆ ವೈರು ಉದುರುತ್ತಿದ್ದ ಕಡೆ ಮಾತ್ರ ಹೊಸದು ಎಳೆದೆ.

ಯಜಮಾನರ ಮುಂದೆ ಸೆಲ್ಫ್ ಹೊಡೆದೆ. ಎಂಜಿನ್ ತಿರುಗಿತು, ಆದರೆ ಹೊಸ ಬ್ಯಾಟರಿಗೆ ತಕ್ಕ ಜೋರಿಲ್ಲ. ಮತ್ತೆ ಒತ್ತಿದೆ. ಡ್ಯಾಶ್‌ಬೋರ್ಡ್ ಕೆಳಗಿಂದ ಸಣ್ಣಗೆ ಹೊಗೆ! ನನ್ನ ವೈರಿಂಗೇ ಸುಟ್ಟಿತು ಅಂದುಕೊಂಡು ಬ್ಯಾಟರಿ ಟರ್ಮಿನಲ್ ಕಿತ್ತೆ. ಮುಟ್ಟಿ ನೋಡಿದರೆ ವೈರೆಲ್ಲ ತಣ್ಣಗಿದ್ದವು. ಬೆರಳು ಸುಟ್ಟಿದ್ದು ಚೋಕ್ ಕೇಬಲ್‌ಗೆ. ಡ್ಯಾಶ್‌ಬೋರ್ಡಿನ ಗುಂಡಿಯಿಂದ ಎಂಜಿನ್ನಿನ ಕಾರ್ಬ್ಯುರೇಟರ್‌ಗೆ ಹೋಗುವ ಬರೀ ಎಳೆಯುವ ಲೋಹದ ತಂತಿ ಅದು. ಅದಕ್ಕೂ ಕರೆಂಟಿಗೂ ಏನು ಸಂಬಂಧ, ಅಲ್ವಾ?

ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಇಟ್ಟೆ. ಚೂರೇ ಚೂರು ಸೆಲ್ಫ್ ಹೊಡಿ ಅಂತ ಹುಡುಗನಿಗೆ ಹೇಳಿದೆ. ಅರ್ಧ ವೋಲ್ಟಿನೊಳಗೆ ಇರಬೇಕಾದದ್ದು 2 ದಾಟಿತು. ಈ ಗಾಡಿಯಲ್ಲಿ ಬ್ಯಾಟರಿಯ ಅರ್ಥ್, ಅಂದರೆ ಮೈನಸ್ ವೈರು, ಇದ್ದದ್ದು ಚಾಸಿಗೆ (ಗಾಡಿಯ ಲೋಹದ ಚೌಕಟ್ಟಿಗೆ). ಎಂಜಿನ್ ಕೂತಿರುವುದು ರಬ್ಬರ್ ಮೇಲೆ. ಎರಡನ್ನೂ ಸೇರಿಸುವುದು ಹೆಣೆದ ತಾಮ್ರದ ಒಂದು ಪಟ್ಟಿ. ಹಿಂದೆ ಯಾರೋ ಎಂಜಿನ್ನಿಗೆ ಪೇಂಟ್ ಹೊಡೆದು, ಪಟ್ಟಿಯನ್ನು ಪೇಂಟಿನ ಮೇಲೇ ಬಿಗಿದಿದ್ದರು. ಪೇಂಟ್ ಕರೆಂಟಿಗೆ ಅಡ್ಡ. ಸೆಲ್ಫ್ ಎಳೆಯುವ ನೂರಾರು ಆಂಪಿಯರ್‌ನಲ್ಲಿ ಒಂದು ಪಾಲು ಚೋಕ್ ಕೇಬಲ್ ಹಿಡಿದು ಬ್ಯಾಟರಿಗೆ ವಾಪಸ್ ಹೋಗುತ್ತಿತ್ತು. ಎಲ್ಲ ಬಿಚ್ಚಿದ ನಾನು ಆ ಒಂದು ಬೋಲ್ಟ್ ಮುಟ್ಟಿರಲಿಲ್ಲ.

ಎಮರಿ ಪೇಪರಿನಲ್ಲಿ ಲೋಹ ಕಾಣುವವರೆಗೆ ಉಜ್ಜಿ, ಹೊಸ ಪಟ್ಟಿ ಬಿಗಿದೆ. ಸೆಲ್ಫ್ ಸಿಡಿದ ಹಾಗೆ ಎತ್ತಿತು.

"ಹಾಗಾದ್ರೆ ಸುಮ್ನೆ ಪಟ್ಟಿ ಉಜ್ಜಿದ್ರೆ 6 ವೋಲ್ಟೇ ಸಾಕಿತ್ತಾ?" ಅಂದರು ಯಜಮಾನರು.

"ಸೆಲ್ಫಿಗೆ ಸಾಕಿತ್ತೇನೋ ಸಾರ್" ಅಂದೆ. ಚೋಕ್ ಕೇಬಲ್ ದುಡ್ಡು ಬಿಲ್ಲಿಗೆ ಹಾಕಲಿಲ್ಲ.