ಅರಮನೆ ಇಲ್ಲದ ಅರಮನೆ ಅಂಗಳ: ಲಿಸ್ಬನ್‌ನಲ್ಲಿ ನಾಲ್ಕು ದಿನ

ನಮ್ಮೂರು ಹೊನ್ನಾವರದ ಹತ್ರ, ಶರಾವತಿ ದಂಡೆ ಮೇಲೆ. ಅಪ್ಪನ ತೋಟದಲ್ಲಿ ಅಡಿಕೆ ಮರಕ್ಕೆಲ್ಲ ಕಾಳುಮೆಣಸಿನ ಬಳ್ಳಿ ಹಬ್ಸಿದಾರೆ. ಚಿಕ್ಕವರಿದ್ದಾಗಿಂದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಕತೆ ಕೇಳ್ಕೊಂಡೇ ಬೆಳೆದವ್ರು ನಾವು, ಪೋರ್ಚುಗೀಸರು ಅವಳನ್ನ ಮೆಣಸಿನ ರಾಣಿ ಅಂತ ಕರೀತಿದ್ರಂತೆ. ಹಾಗಾಗಿ ನೆದರ್ಲೆಂಡ್ಸ್‌ನಲ್ಲಿ ಕೆಲಸ ಮಾಡೋ ತಮ್ಮ "ಅಕ್ಕಾ, ಈ ಸಲ ಬಂದಾಗ ಎಲ್ಲಿಗೆ ಹೋಗಣ" ಅಂತ ಕೇಳಿದ್ದೇ ತಡ ಪೋರ್ಚುಗಲ್ ರಾಜಧಾನಿ ಲಿಸ್ಬನ್ ಅಂದೆ. ನಮ್ಮ ಕರಾವಳಿಯ ಮೆಣಸು ಅಷ್ಟು ದೂರ ಹೋಗಿ ಇಳೀತಿದ್ದ ಜಾಗ ಒಂದ್ಸಲ ಕಣ್ಣಾರೆ ನೋಡ್ಬೇಕಿತ್ತು.

ಆ ಜಾಗ ಈಗ ಇಲ್ಲ. ಇದನ್ನ ಓದಿ ತಿಳ್ಕೊಂಡೇ ಹೋಗಿದ್ದೆ, ಆದ್ರೂ ಅಲ್ಲಿ ನಿಂತಾಗ ಎದೆ ಒಂಥರಾ ಆಯ್ತು. ತೇಜೋ ನದಿ ದಂಡೆಯಲ್ಲಿ ದೊಡ್ಡ ಚೌಕ ಇದೆ, ಮೂರು ಕಡೆ ಹಳದಿ ಕಟ್ಟಡ, ನಾಲ್ಕನೇ ಕಡೆ ನೀರು. ಬೋರ್ಡಿನಲ್ಲಿ ಪ್ರಾಸಾ ದೊ ಕೊಮೆರ್ಸಿಯೊ ಅಂತಿದೆ, ವ್ಯಾಪಾರದ ಚೌಕ ಅಂತ ಅರ್ಥ. ಆದ್ರೆ ಊರವರು ಇವತ್ತಿಗೂ ತೆರೈರೊ ದೊ ಪಾಸೊ ಅಂತಾರೆ, ಅರಮನೆ ಅಂಗಳ. ಮೆಟ್ರೋ ಸ್ಟೇಷನ್ ಹೆಸರೂ ಅದೇ. ರಾಜನ ಅರಮನೆ, ಪೂರ್ವದ ವ್ಯಾಪಾರವನ್ನೆಲ್ಲ ನೋಡ್ಕೊಳ್ತಿದ್ದ ಕಾಸಾ ದ ಇಂಡಿಯಾ, ಅದರ ದಫ್ತರ ಎಲ್ಲಾ ಇಲ್ಲೇ ಇತ್ತು. 1755ರ ನವೆಂಬರ್ 1ರಂದು ಬೆಳಗ್ಗೆ ಒಂಬತ್ತೂವರೆ ದಾಟಿದ ಮೇಲೆ ಭೂಮಿ ನಡುಗ್ತು. ಎಲ್ಲಾ ಸಂತರ ಹಬ್ಬದ ದಿನ ಅದು, ಇಗರ್ಜಿಗಳೆಲ್ಲ ತುಂಬಿದ್ವು, ಮೋಂಬತ್ತಿ ಉರೀತಿದ್ವು. ಕಟ್ಟಡ ಬೀಳ್ತಿವೆ ಅಂತ ಜನ ಬಯಲು ಹುಡುಕ್ಕೊಂಡು ನದಿ ದಂಡೆಗೆ ಓಡಿ ಬಂದ್ರು, ಅಲ್ಲಿ ನೋಡಿದ್ರೆ ನೀರು ಹಿಂದೆ ಸರಿದು ತಳ ಕಾಣ್ತಿತ್ತು, ಆಮೇಲೆ ಸುನಾಮಿ ಬಂತು. ನೀರು ತಲುಪದ ಕಡೆ ಬೆಂಕಿ, ಅದು ದಿನಗಟ್ಲೆ ಉರೀತು. ಸತ್ತವರು 30ರಿಂದ 50 ಸಾವಿರ ಅಂತ ಒಬ್ಬೊಬ್ರು ಒಂದೊಂದು ಲೆಕ್ಕ ಕೊಡ್ತಾರೆ. ಮೆಣಸಿನ ಲೆಕ್ಕದ ಪುಸ್ತಕಗಳೂ ಆವತ್ತೇ ಹೋದ್ವು. ನಮ್ಮ ಕಡೆಯ ಎಷ್ಟು ಊರಿನ ಹೆಸರು ಅದರಲ್ಲಿತ್ತೋ.

ಚೌಕದ ಮಧ್ಯ ರಾಜ ಮೊದಲನೇ ಜೋಸೆ ಕುದುರೆ ಮೇಲೆ ಕೂತಿದಾನೆ, 1775ರ ಕಂಚಿನ ಪ್ರತಿಮೆ. ಎಲ್ಲರೂ ಕುದುರೆ ಫೋಟೋ ತೆಗೀತಾರೆ, ನೀವು ಪೀಠದ ಪಕ್ಕಕ್ಕೆ ಹೋಗಿ ನೋಡಿ, ಅಲ್ಲೊಂದು ಕಲ್ಲಿನ ಆನೆ ಇದೆ. ನಾನು ಎಷ್ಟೋ ಹೊತ್ತು ಅದರ ಎದುರಿಗೇ ನಿಂತಿದ್ದೆ. ಭೂಕಂಪ ಆದ್ಮೇಲೆ ಆ ರಾಜನಿಗೆ ಗೋಡೆ ಕಂಡ್ರೇ ಭಯ ಆಗಿ ಊರಾಚೆ ಅಜುಡಾ ಗುಡ್ಡದಲ್ಲಿ ಮರದ ಮನೆ ಕಟ್ಟಿಸ್ಕೊಂಡು ಇದ್ನಂತೆ. ಊರು ಕಟ್ಟಿದ್ದು ಅವನ ಮಂತ್ರಿ, ಮುಂದೆ ಪೊಂಬಾಲ್ ಮಾರ್ಕ್ವಿಸ್ ಅಂತ ಹೆಸರಾದವನು. ಚೌಕದ ಹಿಂದಿನ ಬೈಶಾ ಭಾಗದ ನೇರ ಬೀದಿಗಳೆಲ್ಲ ಆಗಿಂದು, ಚಿನ್ನದ ಬೀದಿ, ಬೆಳ್ಳಿ ಬೀದಿ, ಚಮ್ಮಾರರ ಬೀದಿ ಅಂತ ಕಸುಬಿನ ಹೆಸರುಗಳು. ಆ ಮನೆಗಳ ಗೋಡೆ ಒಳಗೆ ಮರದ ಚೌಕಟ್ಟಿದೆ, ಅಡ್ಡ ಉದ್ದ ಓರೆ ಪಟ್ಟಿ ಸೇರಿಸಿದ್ದು, ಗೈಯೋಲಾ ಅಂತಾರೆ, ಅಂದ್ರೆ ಪಂಜರ. ಭೂಮಿ ಅಲ್ಲಾಡಿದ್ರೂ ಮರ ಸ್ವಲ್ಪ ಬಾಗಿ ತಡ್ಕೊಳ್ಳಲಿ ಅಂತ. ಮಾದರಿ ಮಾಡಿ ಸುತ್ತ ಸೈನಿಕರನ್ನ ಕಾಲು ಕುಟ್ಟಿಸಿ ನಡೆಸಿ ಪರೀಕ್ಷೆ ಮಾಡಿದ್ರಂತೆ. ಅದಕ್ಕಿಂತ ನನಗೆ ದೊಡ್ಡದು ಅನ್ಸಿದ್ದು ಇನ್ನೊಂದು, ಆ ಮಂತ್ರಿ ದೇಶದ ಪ್ರತಿ ಪ್ಯಾರಿಷ್‌ಗೂ, ಅಂದ್ರೆ ಒಂದೊಂದು ಇಗರ್ಜಿಯ ವ್ಯಾಪ್ತಿಗೂ, ಪ್ರಶ್ನೆಪಟ್ಟಿ ಕಳಿಸಿದ್ದು. ಎಷ್ಟು ಹೊತ್ತು ನಡುಗ್ತು, ಸಮುದ್ರ ಏರ್ತಾ ಇಳೀತಾ, ಬಾವಿ ಒರತೆಗಳಲ್ಲಿ ಏನಾಯ್ತು ಅಂತ. ದೇವರ ಶಿಕ್ಷೆ ಅಂತ ಪಾದ್ರಿಗಳು ಪ್ರವಚನ ಮಾಡ್ತಿದ್ದ ಕಾಲದಲ್ಲಿ ಒಬ್ಬ ಕೂತು ಬಾವಿ ನೀರಿನ ಲೆಕ್ಕ ಕೇಳ್ತಾನೆ ಅಂದ್ರೆ ಅದು ಸಣ್ಣ ಮಾತಲ್ಲ.

ಇಲ್ಲೊಂದು ಮಾತು ಹೇಳ್ಲೇಬೇಕು. ಲಿಸ್ಬನ್ ಫುಟ್‌ಪಾತ್ ಎಲ್ಲಾ ಸಣ್ಣ ಸಣ್ಣ ಸುಣ್ಣಕಲ್ಲು ಜೋಡ್ಸಿದ್ದು, ನೋಡೋಕೆ ರಂಗೋಲಿ ಥರ ಚಂದ, ಆದ್ರೆ ಜನ ಓಡಾಡಿ ಓಡಾಡಿ ಗಾಜಿನ ಥರ ನುಣ್ಣಗಾಗಿದೆ. ಮೊದಲನೇ ದಿನವೇ ನನ್ನ ಟ್ರಾಲಿ ಬ್ಯಾಗಿನ ಒಂದು ಚಕ್ರ ಕಿತ್ತು ಬಂತು. ಎರಡನೇ ದಿನ ಜಿಟಿಜಿಟಿ ಮಳೆಯಲ್ಲಿ ಇಳಿಜಾರಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಊದಿಕೊಳ್ತು, ಫಾರ್ಮಸಿಗೆ ಹೋಗಿ ಪಟ್ಟಿ ಕಟ್ಟಿಸ್ಕೊಂಡು ಉಳಿದ ದಿನ ಎಡಗೈಯಲ್ಲೇ ತಿಂದಿದ್ದು, ಇನ್ನೂ ಚಳಿಗೆ ನೋಯುತ್ತೆ. ಹಿಡಿತ ಇರೋ ಶೂ ಹಾಕ್ಕೊಂಡು ಹೋಗಿ, ಬೆನ್ನಿಗೆ ಹಾಕೋ ಬ್ಯಾಗ್ ಒಯ್ಯಿರಿ, ಮಳೆ ಬಂದ್ರೆ ಗೋಡೆ ಪಕ್ಕ ನಿಧಾನಕ್ಕೆ ಇಳೀರಿ.

ಮೂರನೇ ದಿನ ಕಾರ್ಮೊ ಮಠ. 1389ರಲ್ಲಿ ಶುರುವಾದದ್ದು, ಭೂಕಂಪದಲ್ಲಿ ಚಾವಣಿ ಕುಸೀತು, ಮತ್ತೆ ಕಟ್ಟೋಕೆ ಹೊರಟು 1834ರಲ್ಲಿ ಮಠಗಳನ್ನೇ ರದ್ದು ಮಾಡಿದಾಗ ಅಲ್ಲಿಗೇ ನಿಲ್ಸಿಬಿಟ್ರು. ಈಗಲೂ ಹಾಗೇ ಇದೆ. ಕಮಾನುಗಳು ಮಾತ್ರ ಮೇಲೆ ಅಡ್ಡಡ್ಡ ನಿಂತಿವೆ, ನಮ್ಮ ಕಡೆ ಹಳೇ ದೋಣಿಯ ಹಲಗೆ ಎಲ್ಲಾ ಕಿತ್ತು ಮಗುಚಿ ಹಾಕಿರ್ತಾರಲ್ಲ, ಹಾಗೆ. ಅದರಾಚೆ ಬರೀ ಆಕಾಶ. (ಭಾನುವಾರ ಬಾಗಿಲು ಹಾಕಿರುತ್ತೆ.) ಎದುರಿನ ಚೌಕದಲ್ಲೇ 1974ರ ಏಪ್ರಿಲ್ 25ಕ್ಕೆ ಜನ ಸೇರಿ ಕೊನೆಗೆ ಸರ್ವಾಧಿಕಾರಿ ಸರ್ಕಾರ ಶರಣಾಗಿದ್ದು, ತಮ್ಮ ಅದನ್ನೇ ಅರ್ಧ ಗಂಟೆ ಹೇಳ್ದ.

ಆದ್ರೆ ನನ್ನನ್ನ ಹಿಡಿದು ನಿಲ್ಲಿಸಿದ್ದು ಇದಲ್ಲ, ರೊಸಿಯೊ ಚೌಕದ ಪಕ್ಕದ ಸಾಂವ್ ದೊಮಿಂಗೊಸ್ ಇಗರ್ಜಿ. ಹೊರಗಿಂದ ಸಾಧಾರಣ, ದಾಟಿ ಹೋಗ್ಬಿಡ್ತೀರಿ. ಒಳಗೆ ಕಾಲಿಟ್ರೆ ಕಂಬಗಳೆಲ್ಲ ಬಿರುಕು, ಕಲ್ಲು ಚಕ್ಕೆ ಚಕ್ಕೆಯಾಗಿ ಎದ್ದು ಹೋಗಿದೆ, ಕೆಲವು ಕಡೆ ನನ್ನ ಅಂಗೈ ಹಿಡಿಸುವಷ್ಟು ಗುಳಿ. 1755ರಲ್ಲಿ ಬಿದ್ದಿತ್ತು, ಮತ್ತೆ ಕಟ್ಟಿದ್ರು, 1959ರಲ್ಲಿ ಬೆಂಕಿ ಬಿದ್ದು ಒಳಗೆಲ್ಲ ಸುಟ್ಟುಹೋಯ್ತು. 1994ರಲ್ಲಿ ಮತ್ತೆ ಬಾಗಿಲು ತೆಗೆದಾಗ ಸುಟ್ಟ ಕಂಬಗಳನ್ನ ಹಾಗೇ ಬಿಟ್ರು. ಬಾಗಿಲಾಚೆ ಇನ್ನೊಂದು ನೆನಪು, 1506ರಲ್ಲಿ ಇದೇ ಇಗರ್ಜಿಯಿಂದ ಶುರುವಾದ ಗಲಭೆಯಲ್ಲಿ ಸಾವಿರಾರು ಯಹೂದಿ ಮೂಲದವರನ್ನ ಕೊಂದಿದ್ದಕ್ಕೆ ನಿಲ್ಸಿದ ಕಲ್ಲು.

ಆವತ್ತು ರಾತ್ರಿ ನಾವಿಳಿದಿದ್ದ ಮನೆಯ ಅಜ್ಜಿ ಹತ್ರ ಇದನ್ನ ಹೇಳ್ದೆ. ಎಪ್ಪತ್ತು ದಾಟಿದವ್ರು, ಇಂಗ್ಲಿಷ್ ಬರಲ್ಲ, ತಮ್ಮನ ಫೋನಿನ ಅನುವಾದದಲ್ಲೇ ಮಾತು. ಬೆಂಕಿ ಬಿದ್ದಾಗ ಅವರಿಗೆ ಎಂಟು ವರ್ಷವಂತೆ. ಅವರಮ್ಮ ಕಿಟಕಿಯಾಚೆ ಒಣಗಿ ಹಾಕಿದ್ದ ಬಿಳಿ ಬಟ್ಟೆ ಮೇಲೆಲ್ಲ ಬೂದಿ ಕೂತಿತ್ತು, ಒಗೆದ್ರೆ ದೇವಸ್ಥಾನದ ಬೂದಿ ಚರಂಡಿಗೆ ಹೋಗುತ್ತಲ್ಲಾ ಅಂತ ಅವರಮ್ಮ ಅಳ್ತಾ ಕೂತಿದ್ರಂತೆ. "ಕಂಬಗಳಿಗೆ ಗಾರೆ ಮಾಡ್ಬಹುದಿತ್ತಲ್ವಾ" ಅಂತ ಕೇಳ್ದೆ. ಅಜ್ಜಿ ಫೋನ್ ಪಕ್ಕಕ್ಕೆ ಸರಿಸಿ ನನ್ನನ್ನೇ ನೋಡಿ ಏನೋ ಅಂದ್ರು, ತಮ್ಮ ಮತ್ತೆ ಫೋನ್ ಹಿಡಿದು ಇನ್ನೊಂದ್ಸಲ ಹೇಳ್ಸಿದ. "ಗಾರೆ ಮಾಡಿದ್ರೆ ನಾನು ಒಳಗೆ ಹೋಗ್ತಿರಲಿಲ್ಲ."

ಬೆಲೆಂ ಕಡೆಗೂ ಹೋಗಿದ್ವಿ. ಜೆರೊನಿಮೊಸ್ ಮಠ ಕಟ್ಟೋಕೆ ಹಣ ಬಂದಿದ್ದು ಮೆಣಸು ಮಸಾಲೆ ವ್ಯಾಪಾರದ ಮೇಲೆ ಹಾಕಿದ ಶೇ. 5ರ ತೆರಿಗೆಯಿಂದ, ಕಲ್ಲಿನಲ್ಲಿ ಹಡಗಿನ ಹಗ್ಗ ಕೆತ್ತಿದಾರೆ, ಅದ್ಭುತ ಕೆಲಸ. ವಾಸ್ಕೋ ಡ ಗಾಮಾನ ಸಮಾಧಿ ಅಲ್ಲೇ ಇದೆ, ನಾನು ಅಲ್ಲಿ ನಿಲ್ಲಲಿಲ್ಲ. ಸಾಂವ್ ಜಾರ್ಜ್ ಕೋಟೆ ನನಗೆ ಹಿಡಿಸ್ಲಿಲ್ಲ, ಬಹುಪಾಲು ಕಳೆದ ಶತಮಾನದಲ್ಲಿ ಸರಿಪಡಿಸಿ ನಿಲ್ಸಿದ್ದು, ಮೇಲಿಂದ ಊರು ಕಾಣುತ್ತೆ ಅಷ್ಟೇ. ದಾಲ್ಚಿನ್ನಿ ಪುಡಿ ಉದುರಿಸಿದ ಬಿಸಿ ಪಶ್ತೆಲ್ (ಒಳಗೆ ಮೊಟ್ಟೆ ಕಸ್ಟರ್ಡ್ ಇರೋ ಪುಟ್ಟ ಸಿಹಿತಿಂಡಿ) ಮಾತ್ರ ದಿನಾ ಎರಡು.

ಕೊನೇ ರಾತ್ರಿ ಅಜ್ಜಿಗೆ ನಾಳೆ ಬೆಳಗ್ಗೆ ಐದಕ್ಕೇ ಹೊರಡ್ತೀವಿ ಅಂದ್ವಿ. ಅವರು ಏಳಲ್ಲ ಅಂತ ಕೈಸನ್ನೆ ಮಾಡಿ, ಬಾಗಿಲು ತೋರ್ಸಿ, ನಿಧಾನಕ್ಕೆ ಒಂದು ಮಾತು ಹೇಳಿದ್ರು, ಅದರಲ್ಲಿ ಶಾವ್ ಅಂತ ಕೇಳ್ತು, ಮೇಜಾ ಅಂತ ಕೇಳ್ತು. ತಮ್ಮ ಫೋನ್ ತೆಗೀತಿದ್ದ, ನಾನು ಬೇಡ ಅಂದೆ. ಬೆಳಗ್ಗೆ ಚಾವಿ ಮೇಜಿನ ಮೇಲಿಟ್ಟು, ಸದ್ದಾಗದ ಹಾಗೆ ಬಾಗಿಲು ಎಳ್ಕೊಂಡು ಬಂದ್ವಿ.