ಒಂದೇ ಮಾತು, ಎರಡು ಕಂಠ

ಮಾಸ್ ಎಫೆಕ್ಟ್ ಎಂಬ ವಿಡಿಯೋ ಗೇಮ್ ಸರಣಿಯ ಮುಖ್ಯ ಪಾತ್ರವಾದ ಕಮಾಂಡರ್ ಶೆಪರ್ಡ್ ಗಂಡಾಗಿರಬೇಕೋ ಹೆಣ್ಣಾಗಿರಬೇಕೋ ಎಂಬುದನ್ನು ಕತೆ ಶುರುವಾಗುವ ಮೊದಲೇ ಆಡುವವರು ತೀರ್ಮಾನಿಸಬೇಕು. ನಾನು ಗಂಡನ್ನು ಆರಿಸಿಕೊಂಡು ಮೂರೂ ಆಟಗಳನ್ನು ಮುಗಿಸಿದ್ದೆ, ಅಕ್ಕ ಹೆಣ್ಣನ್ನು ಆರಿಸಿಕೊಂಡು ಮುಗಿಸಿದ್ದಳು. ಹೆಣ್ಣು ಶೆಪರ್ಡ್‌ಳ ಪಾತ್ರದ ಬರವಣಿಗೆಯೇ ಒಂದು ಕೈ ಮೇಲು ಎಂಬುದು ಅವಳ ವಾದ. ಬರೆದಿರುವುದೇ ಒಂದು ಪಾತ್ರವನ್ನು, ಅದರಲ್ಲಿ ಮೇಲು ಕೀಳು ಎಲ್ಲಿಂದ ಬಂತು ಎಂಬುದು ನನ್ನದು. ವರ್ಷಗಟ್ಟಲೆ ನಡೆದ ಈ ಜಗಳವನ್ನು ಕೊನೆಗೊಮ್ಮೆ ರಜೆಯ ದಿನವೊಂದರಲ್ಲಿ ಎರಡು ಲ್ಯಾಪ್‌ಟಾಪ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು, ಹಿಂದೆ ಆಡಿ ಉಳಿಸಿಟ್ಟಿದ್ದ ಆಟಗಳನ್ನು ತೆರೆದು, ಒಂದೇ ದೃಶ್ಯವನ್ನು ಅವಳದರಲ್ಲೊಮ್ಮೆ ನನ್ನದರಲ್ಲೊಮ್ಮೆ ಆಡಿ ನೋಡುವ ಮೂಲಕ ಬಗೆಹರಿಸಿಕೊಳ್ಳಲು ಕುಳಿತೆವು.

ಕೆನಡಾದ ಬಯೋವೇರ್ ಸಂಸ್ಥೆ ಮೊದಲ ಆಟವನ್ನು ಹೊರತಂದದ್ದು 2007ರಲ್ಲಿ. ಅದರ ಮುಖ್ಯ ಬರಹಗಾರ ಡ್ರೂ ಕಾರ್ಪಿಶಿನ್. ಪ್ರೇಮಪ್ರಸಂಗಗಳನ್ನೂ ಅಲ್ಲೊಂದು ಇಲ್ಲೊಂದು ಸಾಲನ್ನೂ ಬಿಟ್ಟರೆ ಶೆಪರ್ಡ್‌ನ ಸಂಭಾಷಣೆ ಎರಡೂ ಕಡೆ ಒಂದೇ. ಆ ಒಂದೇ ಸಂಭಾಷಣೆಗೆ ಗಂಡಾದರೆ ಮಾರ್ಕ್ ಮಿಯರ್, ಹೆಣ್ಣಾದರೆ ಜೆನಿಫರ್ ಹೇಲ್ ದನಿ ಕೊಟ್ಟಿದ್ದಾರೆ. ಆದ್ದರಿಂದ ಬರವಣಿಗೆಯನ್ನು ಒಂದೆಡೆ ನಿಲ್ಲಿಸಿ ಪಾತ್ರದ ಲಿಂಗವನ್ನಷ್ಟೇ ಬದಲಿಸಿ ನೋಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗುವುದು ಕಷ್ಟ.

ನಾವು ಮೊದಲು ತೆರೆದದ್ದು ವಿರ್ಮೈರ್ ಗ್ರಹದ ದೃಶ್ಯ. ಕ್ರೋಗನ್ ಎಂಬ ಅನ್ಯಗ್ರಹ ಜನಾಂಗದ ರೆಕ್ಸ್ ಶೆಪರ್ಡ್‌ನ ತಂಡದವನು, ಗೆಳೆಯ. ಕ್ರೋಗನ್ನರ ಮೇಲೆ ಹಿಂದೆಂದೋ ಜೆನೋಫೇಜ್ ಎಂಬ ಜೈವಿಕ ಅಸ್ತ್ರವನ್ನು ಪ್ರಯೋಗಿಸಲಾಗಿದೆ. ಅದರಿಂದಾಗಿ ಅವರಲ್ಲಿ ಸಾವಿರಕ್ಕೊಂದು ಮಗುವೂ ಬದುಕುವುದು ಕಷ್ಟ. ವಿರ್ಮೈರ್‌ನಲ್ಲಿ ಶತ್ರುವಿನ ನೆಲೆಯೊಳಗೆ ಆ ರೋಗಕ್ಕೆ ಮದ್ದಿದೆ ಎಂದು ರೆಕ್ಸ್‌ಗೆ ತಿಳಿಯುತ್ತದೆ, ಶೆಪರ್ಡ್ ಅದೇ ನೆಲೆಯನ್ನು ಸ್ಫೋಟಿಸಬೇಕಾಗಿದೆ. ನೀರಿನ ಅಂಚಿನಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಬಂದೂಕು ಹಿಡಿದು ನಿಲ್ಲುತ್ತಾರೆ. ಮಾತಿನಲ್ಲಿ ಸೋತರೆ ರೆಕ್ಸ್ ಅಲ್ಲೇ ಸಾಯಬಹುದು.

ನನ್ನ ಪರದೆಯಲ್ಲಿ ಮಿಯರ್ ಆ ಮಾತುಗಳನ್ನು ಆಜ್ಞೆಯಂತೆ ಹೇಳುತ್ತಾರೆ. ದನಿಯಲ್ಲಿ ಏರಿಳಿತ ಕಡಿಮೆ, ತಗ್ಗಿ ಮಾತಾಡುವುದು ತನಗೆ ಗೊತ್ತಿಲ್ಲ ಎನ್ನುವ ಸೈನಿಕನ ಬಿಗಿ. ಅಕ್ಕನ ಪರದೆಯಲ್ಲಿ ಹೇಲ್ ಅದೇ ಸಾಲುಗಳಲ್ಲಿ ಸಿಟ್ಟನ್ನು ಹಲ್ಲುಕಚ್ಚಿ ತಡೆದುಕೊಂಡವಳಂತೆ ಕೇಳಿಸುತ್ತಾರೆ, ಗೆಳೆಯನ ಮೇಲೆ ಬಂದೂಕು ಎತ್ತಬೇಕಾಗಿ ಬಂದದ್ದರ ಕಹಿಯೂ ಅದರೊಳಗಿದೆ. ಆ ದೃಶ್ಯದಲ್ಲಿ ನಟನೆಯ ತೂಕ ಅಕ್ಕನ ಕಡೆಗೇ ವಾಲಿತು ಎಂದು ನಾನು ತಕರಾರಿಲ್ಲದೆ ಒಪ್ಪಿಕೊಂಡೆ. ಆದರೆ ಅಷ್ಟು ನಟನೆಗೆ ಜಾಗ ಬಿಟ್ಟುಕೊಟ್ಟದ್ದು ಬರವಣಿಗೆಯೇ. ಬರಹಗಾರರು ಇಲ್ಲಿ ಹೆಣ್ಣನ್ನೂ ಬರೆದಿಲ್ಲ, ಗಂಡನ್ನೂ ಬರೆದಿಲ್ಲ. ಎರಡು ನಿಷ್ಠೆಗಳ ನಡುವೆ ಸಿಕ್ಕಿಕೊಂಡ, ಕೈಯಲ್ಲಿ ಕೆಲಸವಿರುವ, ಸಮಯವಿಲ್ಲದ ಒಬ್ಬ ಅಧಿಕಾರಿಯನ್ನು ಬರೆದಿದ್ದಾರೆ. ಹೆಣ್ಣು ಪಾತ್ರ ಎಂದೊಡನೆ ಅವಳ ಹೆಣ್ತನವನ್ನೇ ಕತೆಯ ವಸ್ತುವಾಗಿಸುವ ಚಪಲ ಇವರಿಗೆ ಬರಲು ಅವಕಾಶವೇ ಇರಲಿಲ್ಲ, ಏಕೆಂದರೆ ಅದೇ ಸಾಲನ್ನು ಗಂಡೂ ಹೇಳಬೇಕಿತ್ತು.

ಈ ಚಪಲ ಏನು ಮಾಡಬಲ್ಲದು ಎಂಬುದಕ್ಕೆ ಮೆಟ್ರಾಯ್ಡ್ ಸರಣಿಯ ಸಾಮಸ್ ಅರಾನ್ ಸಾಕ್ಷಿ. 1986ರ ಮೊದಲ ಆಟದಲ್ಲಿ ಅವಳಿಗೆ ಮಾತೇ ಇಲ್ಲ. ಬೇಗ ಮುಗಿಸಿದವರಿಗೆ ಕೊನೆಯಲ್ಲಿ ಶಿರಸ್ತ್ರಾಣ ತೆಗೆದು, ಇನ್ನೂ ಬೇಗ ಮುಗಿಸಿದವರಿಗೆ ಕವಚವನ್ನೂ ಕಳಚಿ, ಕವಚದೊಳಗಿದ್ದದ್ದು ಹೆಣ್ಣು ಎಂದು ತೋರಿಸುತ್ತಾರೆ. ಹೆಣ್ಣಾಗಿರುವುದೇ ಅಲ್ಲಿ ಬಹುಮಾನ. 2010ರ ಮೆಟ್ರಾಯ್ಡ್: ಅದರ್ ಎಂ ಆಟದಲ್ಲಿ ಅವಳಿಗೆ ಧಾರಾಳವಾಗಿ ಮಾತು ಕೊಟ್ಟರು, ಕೊಟ್ಟು ಕೆಡಿಸಿದರು. ಮೈ ಸುಡುವ ಬಿಸಿಯಲ್ಲಿ ಓಡುತ್ತಿದ್ದರೂ ಹಳೆಯ ಮೇಲಧಿಕಾರಿ ಅನುಮತಿ ಕೊಡುವವರೆಗೆ ತನ್ನ ರಕ್ಷಾಕವಚದ ಶಕ್ತಿಯನ್ನು ಬಳಸದೆ ಕಾಯುವ ಸಾಮಸ್‌ಳನ್ನು ನೋಡಿ ಅಕ್ಕ ಆ ಆಟವನ್ನು ಅರ್ಧಕ್ಕೇ ಬಿಟ್ಟಿದ್ದಳು.

ಮಧ್ಯಾಹ್ನ ಎರಡನೆಯ ಆಟದ 2010ರ ಮೂಲ ಆವೃತ್ತಿಗೆ ಬಂದಾಗ ಲೆಕ್ಕಾಚಾರ ತಿರುಗಿತು. ಮಾತುಗಳನ್ನು ಲಿಂಗ ಮರೆತು ಬರೆದದ್ದು ಒಳ್ಳೆಯದಾಯಿತು, ಆದರೆ ಮೈಯ ಚಲನೆಯನ್ನೂ ಹಾಗೆಯೇ ಮರೆತು ರೂಪಿಸಿದ್ದಾರೆ. ಎರಡೂ ಶೆಪರ್ಡ್‌ಗಳಿಗೆ ಒಂದೇ ಅನಿಮೇಷನ್ ಹಂಚಿರುವುದರಿಂದ, ಗಿಡ್ಡ ಉಡುಪು ತೊಟ್ಟ ಶೆಪರ್ಡ್ ಸೋಫಾದ ಮೇಲೆ ಕಾಲುಗಳನ್ನು ಅಗಲವಾಗಿ ಚಾಚಿ ಕೂರುತ್ತಾಳೆ. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಶೆಪರ್ಡ್‌ನ ತಂಡದವಳಾದ ಮಿರಾಂಡಾಳ ವಿಷಯದಲ್ಲಿ ನಗು ಬರಲಿಲ್ಲ. ಮಗಳನ್ನು ತನಗೆ ಬೇಕಾದ ಹಾಗೆ ಪ್ರಯೋಗಾಲಯದಲ್ಲಿ ರೂಪಿಸಿದ ತಂದೆ, ಅವನ ಕೈಯಿಂದ ತಾನು ತಪ್ಪಿಸಿ ಕಾಪಾಡಿದ ತಂಗಿ, ಇವುಗಳ ಬಗ್ಗೆ ಅವಳು ಹೇಳಿಕೊಳ್ಳುವ ಮಾತುಗಳು ಈ ಆಟದ ಅತ್ಯುತ್ತಮ ಬರವಣಿಗೆಯ ಸಾಲಿಗೆ ಸೇರುತ್ತವೆ. ಕ್ಯಾಮೆರಾ ಮಾತ್ರ ಅದೇ ಹೊತ್ತಿಗೆ ಅವಳ ಹಿಂಬದಿಯನ್ನು ನೋಡುತ್ತಿರುತ್ತದೆ. ಮೂರೂ ಆಟಗಳನ್ನು ಒಟ್ಟುಗೂಡಿಸಿ 2021ರಲ್ಲಿ ಮರುಬಿಡುಗಡೆ ಮಾಡಿದಾಗ ಅಂಥ ಕೆಲವು ಕೋನಗಳನ್ನು ಸಂಸ್ಥೆಯೇ ಬದಲಿಸಿತು. ಅದೇ ಆವೃತ್ತಿಯ ಬಗ್ಗೆ ಅವರು ಪ್ರಕಟಿಸಿದ ಅಂಕಿಗಳ ಪ್ರಕಾರ ಶೇ. 68ರಷ್ಟು ಆಟಗಾರರು ಗಂಡನ್ನೂ ಶೇ. 32ರಷ್ಟು ಮಂದಿ ಹೆಣ್ಣನ್ನೂ ಆರಿಸಿಕೊಂಡಿದ್ದರು. ಅಂದರೆ ಮೂವರಲ್ಲಿ ಇಬ್ಬರು ಹೇಲ್ ಅವರ ವಿರ್ಮೈರ್ ದೃಶ್ಯವನ್ನು ಕೇಳದೆಯೇ ಮುಂದೆ ಹೋಗಿದ್ದಾರೆ.

ಅಕ್ಕ ಹೊರೈಜನ್ ಝೀರೋ ಡಾನ್ ಆಟದ ಉದಾಹರಣೆ ತೆಗೆದಳು. ತಾಯಂದಿರನ್ನೇ ಆರಾಧಿಸುವ ನೋರಾ ಬುಡಕಟ್ಟಿನಲ್ಲಿ ತಾಯಿಯೇ ಇಲ್ಲದ ಮಗುವಾದ ಏಲಾಯ್ ಬಹಿಷ್ಕೃತಳಾಗಿ ಬೆಳೆಯುತ್ತಾಳೆ. ಅವಳ ಜಾಗದಲ್ಲಿ ಗಂಡನ್ನು ನಿಲ್ಲಿಸಿದರೆ ಕತೆಯ ಅರ್ಧ ಉಸಿರು ನಿಂತುಹೋಗುತ್ತದೆ ಎಂದಳು. ಲಿಂಗ ಮರೆತು ಬರೆಯುವುದೊಂದೇ ದಾರಿಯಲ್ಲ ಎಂಬ ಅವಳ ಮಾತಿಗೆ ಪುರಾವೆ ಸಿಕ್ಕಿದ್ದು ಮಾತ್ರ ಶೆಪರ್ಡ್‌ನ ಕತೆಯಲ್ಲೇ, ಮೂರನೆಯ ಆಟದಲ್ಲಿ.

ಜೆನೋಫೇಜ್ ಇಡೀ ಸರಣಿಯ ಬೆನ್ನೆಲುಬಿನಂಥ ಕತೆ. ಗರ್ಭ, ಹೆರಿಗೆ, ಸತ್ತ ಕೂಸುಗಳ ಸುತ್ತ ಹೆಣೆದ ಆ ಕತೆಯ ಮೊದಲ ಎರಡು ಆಟಗಳಲ್ಲಿ ಜೀವಂತವಾಗಿ ಒಬ್ಬ ಕ್ರೋಗನ್ ಹೆಂಗಸೂ ಕಣ್ಣಿಗೆ ಬೀಳುವುದಿಲ್ಲ. ಅದೇ ಆಟಗಳ ಕ್ಲಬ್ಬುಗಳಲ್ಲಿ ಕುಣಿಯಲು ಮಾತ್ರ ಅಸಾರಿ ಎಂಬ ಹೆಣ್ಣುರೂಪದ ಅನ್ಯಗ್ರಹ ಜನಾಂಗದವರಿಗೆ ಬರವಿಲ್ಲ! ಕೊನೆಗೂ 2012ರ ಮೂರನೆಯ ಆಟದಲ್ಲಿ ಈವ್ ಎಂಬ ಕ್ರೋಗನ್ ಹೆಂಗಸು ಬರುತ್ತಾಳೆ. ಹಡಗಿನ ಆಸ್ಪತ್ರೆಯಲ್ಲಿ ಕುಳಿತು ತಾನು ಕಳೆದುಕೊಂಡ ಮಗುವನ್ನು, ಕತ್ತಲ ಗುಹೆಯಿಂದ ಒಂದು ಹರಳನ್ನೇ ಹಾರೆ ಮಾಡಿಕೊಂಡು ತೋಡಿ ಹೊರಬಂದದ್ದನ್ನು ಆಕೆ ಶಾಂತವಾಗಿ ಹೇಳುತ್ತಾಳೆ. ಸರಣಿಯಲ್ಲಿ ನನಗೆ ತೀರ ಇಷ್ಟವಾದ ಪಾತ್ರ ಅವಳೇ. ಅವಳ ಮುಂದೆ ನಿಂತ ಇಬ್ಬರು ಶೆಪರ್ಡ್‌ಗಳಿಗೂ ಆಯ್ಕೆಗೆ ಬಂದ ಉತ್ತರಗಳು ನಮ್ಮ ಎರಡೂ ಪರದೆಗಳಲ್ಲಿ ಒಂದೇ ಆಗಿದ್ದವು.

"ಇಲ್ಲಿ ಮಾತ್ರ ಎರಡು ಸಂಭಾಷಣೆ ಬರೀಬೇಕಿತ್ತು ಕಣೋ," ಎಂದಳು ಅಕ್ಕ. ಹೆಣ್ಣು ಶೆಪರ್ಡ್‌ಗೆ ಈವ್‌ಳನ್ನು ಕೇಳಲು ಬೇರೆಯೇ ಪ್ರಶ್ನೆಗಳಿರುತ್ತವೆ ಎಂಬುದು ಅವಳ ಮಾತಿನ ಅರ್ಥ. ನನಗೆ ಹೊಳೆದದ್ದು ಇನ್ನೊಂದು ಬದಿ: ಅಂಥ ಕತೆಯನ್ನು ಕೇಳಿದ ಗಂಡಿಗೂ ಹೇಳಲು ಸುಲಭದ ಮಾತು ಸಿಗುವುದಿಲ್ಲ, ಅವನು ತಡವರಿಸಬೇಕಿತ್ತು, ಏನನ್ನೋ ಕೇಳಲು ಹೋಗಿ ನುಂಗಿಕೊಳ್ಳಬೇಕಿತ್ತು. ಆ ತಡವರಿಕೆಯನ್ನು ಬರೆಯುವ ಶಕ್ತಿ ವಿರ್ಮೈರ್ ದೃಶ್ಯ ಬರೆದ ತಂಡಕ್ಕೆ ಖಂಡಿತ ಇತ್ತು. ಮೂರು ಆಟಗಳಲ್ಲಿ ಲೆಕ್ಕವಿಲ್ಲದಷ್ಟು ಭಾಷಣ ಮಾಡಿದ ನನ್ನ ಶೆಪರ್ಡ್‌ಗೆ ಅಲ್ಲಿಯೂ ಯಾರು ಬೇಕಾದರೂ ಹೇಳಬಹುದಾದ ಸಾಂತ್ವನದ ಸಾಲನ್ನೇ ಕೊಟ್ಟಿದ್ದಾರೆ.