ರಸ್ತೆಗೂ ಮುಂಚೆ ಕೇಳಬೇಕಾದ ಮಾತು

ನಮ್ಮ ಪಕ್ಕದ ಮನೆಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಹೈಸ್ಕೂಲ್ ಓದೋಕೆ ನೆಸ್ಕಾಂಟಗಾ ಅನ್ನುವ ಮೂಲನಿವಾಸಿಗಳ ಊರಿಂದ, ನಾನಿರುವ ಥಂಡರ್ ಬೇ ಪಟ್ಟಣಕ್ಕೆ ಬಂದವಳು. ಕೆನಡಾದ ಒಂಟಾರಿಯೋದಲ್ಲೇ ಇದ್ದರೂ ಅವಳ ಊರಿಗೆ ವರ್ಷವಿಡೀ ಓಡಾಡುವ ರಸ್ತೆ ಇಲ್ಲ, ವರ್ಷದ ಬಹುಪಾಲು ವಿಮಾನವೇ ಗತಿ. ಮೊನ್ನೆ ಅವರ ಕಡೆಯ ಕಾಡಿನಲ್ಲಿ ಗಣಿಗಾಗಿ ರಸ್ತೆ ಮಾಡುವ ಸುದ್ದಿ ಬಂದಾಗ ನಾನು, "ನಿಮಗೂ ಒಳ್ಳೇದೇ ಅಲ್ವಾ?" ಅಂದೆ.

"ನಾನು ಹುಟ್ಟೋ ಮೊದಲಿಂದ ನಮ್ಮೂರ ನಲ್ಲಿ ನೀರು ಕುಡಿಯೋ ಹಾಗಿಲ್ಲ. ಅದು ಯಾರಿಗೂ ಅರ್ಜೆಂಟ್ ಆಗಲಿಲ್ಲ" ಅಂದಳು.

ನಿಜ. ನೀರು ಕುದಿಸದೆ ಕುಡಿಯಬೇಡಿ ಅಂತ 1995ರಲ್ಲಿ ಬಂದ ಎಚ್ಚರಿಕೆ ಅದು, 30 ವರ್ಷ ದಾಟಿತು. ಇಷ್ಟು ಶ್ರೀಮಂತ ದೇಶದಲ್ಲಿ!

ಇಲ್ಲಿಂದ ಸುಮಾರು 500 ಕಿಲೋಮೀಟರ್ ದೂರದ ಜೌಗು ಕಾಡಿನಲ್ಲಿ, ರಿಂಗ್ ಆಫ್ ಫೈರ್ ಅನ್ನುವ ಜಾಗದಲ್ಲಿ, ನಿಕ್ಕಲ್, ಕ್ರೋಮೈಟ್ (ಕ್ರೋಮಿಯಂ ಅದಿರು) ಇದೆ. ಬ್ಯಾಟರಿಗೆ ನಿಕ್ಕಲ್ ಬೇಕು, ಹಾಗಾಗಿ ಸರ್ಕಾರಕ್ಕೆ ಅವಸರ. ಆದರೆ ಆ ನೆಲವೂ ಸಾಮಾನ್ಯದ್ದಲ್ಲ, ಸಾವಿರಾರು ವರ್ಷದ ಪಾಚಿ ಕೊಳೆಯದೆ ಪದರ ಪದರವಾಗಿ ಕೂತು ಅಪಾರ ಇಂಗಾಲ ಹಿಡಿದಿಟ್ಟಿದೆ, ನೀರು ಬಸಿದರೆ ಅದು ಗಾಳಿಗೆ ಸೇರುತ್ತೆ. 2025ರ ಜೂನ್‌ನಲ್ಲಿ ಒಂಟಾರಿಯೋ ಒಂದು ಕಾನೂನು ಮಾಡಿತು: ವಿಶೇಷ ಆರ್ಥಿಕ ವಲಯ ಅಂತ ಘೋಷಿಸಿದ ಕಡೆ ಪ್ರಾಂತ್ಯದ ನಿಯಮಗಳಿಂದ ವಿನಾಯಿತಿ ಕೊಡಬಹುದು. ಮೂಲನಿವಾಸಿಗಳು ಸಿಟ್ಟಾಗಿದ್ದು ಇದಕ್ಕೇ. "ಸರ್ಕಾರದ ಜೊತೆಗಿನ 1905ರ ಒಪ್ಪಂದದಲ್ಲಿ ನಮ್ಮ ಹಿರಿಯರು ನೆಲ ಹಂಚಿಕೊಳ್ಳೋಕೆ ಒಪ್ಪಿದ್ದರು, ಬಿಟ್ಟುಕೊಡೋಕಲ್ಲ" ಅಂತಾರೆ ಅವರು.

ಎಲ್ಲರೂ ಬೇಡ ಅನ್ನುತ್ತಿಲ್ಲ. ಅದೇ ಕಡೆಯ ವೆಬಿಕ್ವೇ, ಮಾರ್ಟೆನ್ ಫಾಲ್ಸ್ ಅನ್ನುವ ಮೂಲನಿವಾಸಿ ಊರುಗಳವರು ತಾವೇ ಮುಂದೆ ನಿಂತು ರಸ್ತೆ ಯೋಜನೆ ನಡೆಸುತ್ತಿದ್ದಾರೆ. ಚಳಿಗಾಲದ ಮಂಜಿನ ದಾರಿ ಬೇಗ ಕರಗುತ್ತಿದೆ, ಸಾಮಾನಿನ ಬೆಲೆ ಜಾಸ್ತಿ, ಮಕ್ಕಳಿಗೆ ಕೆಲಸ ಬೇಕು. ಅವರನ್ನು ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ.

ಯಾಕಂದ್ರೆ ನಾನು ಕಳಸದವನು. ಕುದುರೆಮುಖದ ಗಣಿ ಸಂಬಳದಲ್ಲಿ ನಮ್ಮ ಮಾವನ ಮನೆ ನಡೆಯಿತು. ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರಿಯೋದನ್ನೂ ಕಂಡೆವು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು, ನಿಲ್ಲಬೇಕಿತ್ತು, ನಾವು ಖುಷಿಪಟ್ಟೆವು. ಆದರೆ ಆ ಬೆಟ್ಟದ ಬುಡಕಟ್ಟು ಜನ ಮಲೆಕುಡಿಯರ ಮಾತು ನಮ್ಮ ಮನೆಯಲ್ಲಿ ಬರಲೇ ಇಲ್ಲ. ಗಣಿ ನಿಲ್ಲೋಕೂ ಮೊದಲೇ, 1987ರಲ್ಲಿ, ಅವರ ಕಾಡು ರಾಷ್ಟ್ರೀಯ ಉದ್ಯಾನವಾಗಿತ್ತು. ಆಮೇಲೆ ಒಂದು ಕಾಲುದಾರಿ, ಒಂದು ಕರೆಂಟ್ ಕಂಬಕ್ಕೂ ಅವರು ಅಲೆಯಬೇಕಾಯಿತು. ಕಾಡು ಅಗೆಯೋರಿಗೂ ಅವರು ಅಡ್ಡಿ, ಕಾಡು ಉಳಿಸೋರಿಗೂ ಅಡ್ಡಿ.

2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಅಧಿಕಾರ ಕೊಟ್ಟಿದೆ. ನಿಮ್ಮ ಕಡೆ ಅಂಥ ಸಭೆಯಲ್ಲಿ ಕಾಡಿನ ಮನೆಗಳವರು ಮಾತಾಡುತ್ತಾರಾ, ಸಹಿ ಹಾಕಿ ಎದ್ದು ಬರುತ್ತಾರಾ? ಗೊತ್ತಿದ್ದವರು ಹೇಳಿ.